ಸೊಗಡಿರುವ ಎಣ್ಣೆ

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇದನ್ನು ಇಲ್ಲಿಗೇ ಬಿಡಬಹುದು. ನಮ್ಮ ಓನರಮ್ಮ ತುಂಬ ಒಳ್ಳೆಯವರಾಗಿದ್ದರು ಎಂದು ಬರೆದರೆ ಮೊದಲು ಸಿಟ್ಟಾಗುತ್ತಿದ್ದುದು ಅವರೇ. ಸೋಪು ಹಚ್ಚಿಕೊಂಡು ನಿಂತವರ ಗತಿ ಏನಾಯಿತೆಂದು ನೋಡದೆ ನೀರಿನ ಮೋಟರ್ ಆರಿಸುತ್ತಿದ್ದರು. ಬಾಡಿಗೆಗೆ ಬಂದವರನ್ನು ಮೊದಲ ದಿನವೇ ಏಕವಚನಕ್ಕೆ ಇಳಿಸುತ್ತಿದ್ದರು. ಯಾರ ಮನೆಗೆ ಯಾವ ನೆಂಟರು ಬಂದರು, ಯಾಕೆ ಬಂದರು, ಬಂದವರು ಇನ್ನೂ ಯಾಕೆ ಹೋಗಲಿಲ್ಲ, ಎಲ್ಲವೂ ಅವರಿಗೆ ತಿಳಿಯಬೇಕು. ವಠಾರದೊಳಗೆ ಎಲೆಅಡಿಕೆ ಉಗುಳುವ ಹಕ್ಕು ಅವರೊಬ್ಬರಿಗೇ ಇತ್ತು, ಅದೂ ದಾಸವಾಳದ ಬುಡಕ್ಕೆ.

ಹೋದ ತಿಂಗಳು ತೀರಿಕೊಂಡರು. ಅವರ ಬಂದೂಕನ್ನು ಮಗಳು ಸವಿತಾಳ ಜೊತೆ ಹೋಗಿ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದವನು ನಾನು. ಲೈಸೆನ್ಸ್ ಇದ್ದವರೇ ಹೋದ ಮೇಲೆ ಬಂದೂಕು ಮನೆಯಲ್ಲಿ ಇರುವಂತಿಲ್ಲ. ತೆಗೆದುಕೊಂಡ ಪೇದೆ ಅದನ್ನು ಮೂಗಿನ ಹತ್ತಿರ ತಂದು, "ಏನ್ರೀ ಇದು, ಬಾಳೆಹಣ್ಣಿನ ವಾಸನೆ?" ಎಂದ. ಸವಿತಾ ನನ್ನ ಮುಖ ನೋಡಿದಳು. ನಾನು ಎಲ್ಲೋ ನೋಡಿದೆ. ಆ ವಾಸನೆಯನ್ನು ಆ ಮನೆಗೆ ತಂದವನು ನಾನೇ, ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ನಾಗಸಂದ್ರ ಮೆಟ್ರೋ ಇಳಿದು ಒಳಕ್ಕೆ ನಡೆದರೆ, ಲೇತ್ ಅಂಗಡಿಗಳ ಸಾಲು ಮುಗಿಯುವಲ್ಲಿ ನಮ್ಮ ವಠಾರ. ಮುಂದೆ ಓನರಮ್ಮನ ಹೆಂಚಿನ ಮನೆ, ಅದಕ್ಕೊಂದು ಉದ್ದನೆಯ ಜಗಲಿ. ಮನೆಯ ಹಿಂದೆ ಶೀಟಿನ ಸೂರಿನ ಕೆಳಗೆ ನಾವು ಬಾಡಿಗೆಯವರು. ನಮ್ಮ ಹಿಂದೆ ಅಂಗೈಯಗಲದ ಅವರೆ ಹೊಲ. ಅದರಾಚೆ ಅವರ ಮೈದುನನ ಪಾಲಿನ ಜಾಗ. ಮೈದುನ ಆ ಜಾಗದ ತುಂಬ ಒಂದು ಗೋಡೌನು ಕಟ್ಟಿಸಿದ. ಕಟ್ಟಿಸಿ ಮುಗಿದ ಮೇಲೆ ನೋಡಿದರೆ ದೊಡ್ಡ ಲಾರಿ ಒಳಗೆ ಬರಲು ದಾರಿಯಿಲ್ಲ. ದಾರಿ ಆಗಬೇಕೆಂದರೆ ಜಗಲಿ, ಮನೆ, ವಠಾರ, ಅವರೆ ಹೊಲ ಎಲ್ಲವೂ ಏಳಬೇಕು. ಜಾಗ ಓನರಮ್ಮನ ಹೆಸರಿನಲ್ಲಿತ್ತು. ಗಂಡನಿಲ್ಲದ ಹೆಂಗಸು, ಇರುವವಳು ಒಬ್ಬಳೇ ಮಗಳು, ಅವಳೂ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿ ಅಲ್ಲೇ ಮನೆ ಮಾಡಿಕೊಂಡಿದ್ದಾಳೆ, ಇವರು ಎಷ್ಟು ದಿನ ತಡೆದಾರು ಎಂಬುದು ಮೈದುನನ ಲೆಕ್ಕಾಚಾರ.

ಬಂದೂಕು ಗಂಡನದು. ಎರಡು ನಳಿಗೆಯದು, ನಡುವೆ ಮಡಚಿ ತೋಟಾ, ಅಂದರೆ ಗುಂಡು, ತುಂಬುವಂಥದ್ದು. ಅಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸು. ಗಂಡ ಸತ್ತ ಮೇಲೆ ಎಲ್ಲರೂ ಅದನ್ನು ಒಪ್ಪಿಸಿಬಿಡು ಎಂದರು. ಓನರಮ್ಮ ಒಪ್ಪಿಸಲಿಲ್ಲ, ಕಚೇರಿಯಿಂದ ಕಚೇರಿಗೆ ಅಲೆದು ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಬೆಳೆಯೇ ಇಲ್ಲದೆ ಬೆಳೆ ಕಾಯುವ ಬಂದೂಕು ಹೇಗೆ ಇಟ್ಟುಕೊಳ್ಳುತ್ತೀಯಮ್ಮಾ ಎಂದು ಯಾರೂ ಕೇಳಬಾರದಲ್ಲ, ಅದಕ್ಕೇ ಆ ಅವರೆ ಹೊಲ. ಸುತ್ತ ಫ್ಯಾಕ್ಟರಿ ಇರುವಾಗ ಯಾವ ಕಾಡುಹಂದಿ ಬರುತ್ತದೆ ಎಂದು ನಾನೊಮ್ಮೆ ರೇಗಿಸಿದೆ. "ನಾಕು ಕಾಲಿಂದು ಬರಾಕಿಲ್ಲ ಬುಡು. ಎಲ್ಡು ಕಾಲಿಂದು ಕಾರಲ್ಲಿ ಬತ್ತವೆ" ಎಂದರು.

ನನಗೆ ಬಂದೂಕೆಂದರೆ ಆಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದಿದವರು ಆಮೇಲೆ ನನ್ನ ತಲೆಗೆ ಏನೇನೋ ಕಟ್ಟುವುದು ಬೇಡ. ನಾನು ಪೀಣ್ಯದ ಕಾರ್ಖಾನೆಗಳಿಗೆ ಯಂತ್ರದ ಎಣ್ಣೆ ಮಾರುವವನು. ಓನರಮ್ಮನ ಬಂದೂಕು ನನ್ನ ಕೈಗೆ ಬಂದದ್ದೂ ಎಣ್ಣೆಯ ದೆಸೆಯಿಂದಲೇ.

ಒಂದು ಚಳಿಗಾಲದ ಬೆಳಗ್ಗೆ ಲೈಸೆನ್ಸ್ ನವೀಕರಣಕ್ಕೆಂದು ಅವರು ಬಂದೂಕನ್ನು ಠಾಣೆಗೆ ಒಯ್ದಿದ್ದರು. ಅಲ್ಲಿ ಅದನ್ನು ತೆರೆದು ನೋಡುತ್ತಾರೆ. ಪೇದೆ ಎಷ್ಟು ಒತ್ತಿದರೂ ಅದು ಮಡಚಲಿಲ್ಲ. ಇನ್ನೊಬ್ಬ ಮೊಣಕಾಲಿಗೆ ಇಟ್ಟು ಒತ್ತಿದ, ಆಗಲೂ ಇಲ್ಲ. "ಕೆಲಸ ಮಾಡದ ಬಂದೂಕಿಗೆ ಲೈಸೆನ್ಸ್ ಯಾಕಮ್ಮಾ, ಸರೆಂಡರ್ ಮಾಡ್ಬಿಡಿ" ಎಂದರಂತೆ. ಓನರಮ್ಮ ಹಠ ಮಾಡಿ, ರಿಪೇರಿ ಮಾಡಿಸಿ ಮತ್ತೆ ತರುತ್ತೇನೆಂದು ಗಡುವು ಪಡೆದು ಮನೆಗೆ ಬಂದವರೇ ನನ್ನ ಬಾಗಿಲು ಬಡಿದರು.

"ಎಣ್ಣೆ ಮಾರೋನು ನೀನೇ ಅಲ್ವೇನಪ್ಪಾ? ಬಾ ಇಲ್ಲಿ."

ಜಗಲಿಯ ಮೇಲೆ ಗೋಣಿತಾಟು, ಅದರ ಮೇಲೆ ಬಂದೂಕು. ಕೀಲಿನ ಸಂದಿನಲ್ಲಿ ಹಳದಿ ಬೆರೆತ ಬಿಳಿಯದೇನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ಗೊತ್ತಾಗಿ ಹೋಯಿತು.

"ಇದಕ್ಕೆ ಕೊಬ್ಬರಿ ಎಣ್ಣೆ ಹಾಕಿದ್ದೀರಾ?"

"ಊಂ. ಸೀಮೆಎಣ್ಣೆ ಎಲ್ಲಪ್ಪಾ ಕೊಡ್ತಾರೆ ಈಗ? ನಮ್ಮೆಜಮಾನ್ರು ಸೀಮೆಎಣ್ಣೆಲೇ ಒರೆಸೋರು. ತಲೆಗೆ ಆಕೋ ಎಣ್ಣೆ ತಾನೆ, ಕಬ್ಣಕ್ಕೆ ಏನಾಯ್ತದೆ ಅಂತ ಆಕ್ತಾ ಬಂದೆ."

ನಾನು ತಿಪಟೂರಿನವನು. ಕೊಬ್ಬರಿಯಲ್ಲೇ ಹುಟ್ಟಿ ಕೊಬ್ಬರಿಯಲ್ಲೇ ಬೆಳೆದವನು. ನಮ್ಮಪ್ಪ ಕೇಳಿಸಿಕೊಂಡಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದ, ಆದರೂ ಅವತ್ತು ಕೊಬ್ಬರಿ ಎಣ್ಣೆಯನ್ನು ಬೈಯಲೇಬೇಕಾಯಿತು. ಚಳಿಗೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದರೆ ಅಂಟಾಗುತ್ತದೆ, ಅಂಟಿನ ಮೇಲೆ ಲೇತ್ ಅಂಗಡಿಗಳ ಕಬ್ಬಿಣದ ಧೂಳು ಬಂದು ಕೂರುತ್ತದೆ ಎಂದೆಲ್ಲ ಹೇಳಿದೆ. ಓನರಮ್ಮ ಎಲೆಗೆ ಸುಣ್ಣ ಸವರುತ್ತ ಕೇಳಿದರು. "ನಿಮ್ಮೂರಿನ ಎಣ್ಣೆ ಸರಿ ಇಲ್ಲ ಅಂತ ನೀನೇ ಏಳ್ತಿದೀಯ. ಸರಿ, ನಂಬ್ತೀನಿ" ಎಂದರು.

ಒಳಗೆ ತೋಟಾ ಇಲ್ಲವೆಂದು ಅವರ ಬಾಯಿಂದಲೇ ಹೇಳಿಸಿ, ಸಂದಿಗೆ ತೆಳುವಾದ ಎಣ್ಣೆ ಬಿಟ್ಟು ಬಿಸಿಲಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಬಂದೂಕು ಮಡಚಿತು. ಓನರಮ್ಮ ನಳಿಗೆಗಳನ್ನು ಸೂರ್ಯನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ, ಎರಡರಲ್ಲೂ ಇಣುಕಿದರು. ಬರಿದಾಗಿದೆ ಎಂದು ಗೊತ್ತಿದ್ದರೂ ಅವರು ಪ್ರತಿ ಸಲವೂ ಹೀಗೆ ಇಣುಕಿಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದರು. ನೋಡದೆ ಯಾರಾದರೂ ಮುಟ್ಟಿದರೆ ಕೈಮೇಲೆ ಏಟು ಬೀಳುತ್ತಿತ್ತು. ನನಗೂ ಬಿದ್ದಿದೆ.

ಆಮೇಲೆ ಶುರುವಾಯಿತು ಎಣ್ಣೆ ಆರಿಸುವ ಕೆಲಸ. ನಾನು ಮಾರುವ ಸರಕಿನ ಸ್ಯಾಂಪಲ್ ಸೀಸೆಗಳನ್ನೆಲ್ಲ ತಂದೆ. ತೊಳೆಯುವುದಕ್ಕೆ ಒಂದು, ಸವರುವುದಕ್ಕೆ ಒಂದು ಬೇಕು, ಎರಡೂ ಕೆಲಸವನ್ನು ಒಂದೇ ಎಣ್ಣೆ ಮಾಡುತ್ತದೆ ಎನ್ನುವವರನ್ನು ನಂಬಬೇಡಿ ಎಂದೆ. ತೊಳೆಯುವುದು ಹಳೆಯ ಅಂಟನ್ನೂ ಮದ್ದಿನ ಮಸಿಯನ್ನೂ ಕರಗಿಸಬೇಕು. ಸವರುವುದು ತೆಳ್ಳಗಿದ್ದು ತುಕ್ಕು ತಡೆಯಬೇಕು. ಗಾಡಿಯ ಎಂಜಿನ್ ಎಣ್ಣೆ ದಪ್ಪ, ಧೂಳು ಹಿಡಿಯುತ್ತದೆ. ತುಕ್ಕು ಬಿಡಿಸಲು ಎಲ್ಲರೂ ಫುಸ್ಸೆಂದು ಹೊಡೆಯುವ ಡಬ್ಬಿ ಸ್ಪ್ರೇ ನೀರನ್ನೇನೋ ಓಡಿಸುತ್ತದೆ, ಆಮೇಲೆ ತಾನೂ ಹಾರಿಹೋಗುತ್ತದೆ. ಲೇತಿನವರ ಹತ್ತಿರ ಕಬ್ಬಿಣದ ತುಂಡುಗಳನ್ನು ಕೇಳಿ ತಂದು, ಒಂದೊಂದಕ್ಕೂ ಒಂದೊಂದು ಎಣ್ಣೆ ಸವರಿ, ನೀರಿನ ಟ್ಯಾಂಕಿನ ಮೇಲೆ ಮಂಜಿಗೆ ಇಟ್ಟೆವು. ಬೆಳಗ್ಗೆ ಎದ್ದು ಇಬ್ಬರೂ ಮೆಟ್ಟಿಲು ಹತ್ತಿ ಹೋಗಿ ನೋಡುವುದು. ವಠಾರದವರಿಗೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದೇ ಅನ್ನಿಸಿತು.

ಗೆದ್ದದ್ದು ನನ್ನ ಕಂಪನಿಯ ಒಂದು ಜೋಡಿ. ತೊಳೆಯುವುದೂ ಸವರುವುದೂ ನೀರಿನಷ್ಟು ತಿಳಿ, ಬಣ್ಣವಿಲ್ಲ, ವಾಸನೆಯಿಲ್ಲ. ಆ ವಾಸನೆಯಿಲ್ಲದ ಗುಣವನ್ನು ಹೇಳಿಯೇ ನಾನು ಪೀಣ್ಯದಲ್ಲಿ ನಾಲ್ಕು ಜನರ ಮನ ಗೆದ್ದವನು. ಅದೇ ಮಾತನ್ನು ಜಗಲಿಯಲ್ಲೂ ಹೇಳಿದೆ. ಓನರಮ್ಮ ಬಟ್ಟೆಯ ಚೂರನ್ನು ಮೂಸಿದರು, ಮತ್ತೆ ಮೂಸಿದರು, ಎತ್ತಿ ನನ್ನ ಮಡಿಲಿಗೆ ಎಸೆದರು.

"ಇದೇನಪ್ಪಾ, ಏನೂ ಬರಾಕಿಲ್ವಲ್ಲ."

"ಅದೇ ಅದರ ವಿಶೇಷ ಅಮ್ಮಾ."

"ಅವರೆಕಾಯಿ ಕೊಳ್ಳಾಕೆ ಓದಾಗ ಏನ್ ನೋಡ್ತೀಯ? ಸೊಗಡು ಐತಾ ಅಂತ ತಾನೆ? ಸೊಗಡಿಲ್ಲದ ಕಾಯಿ ಯಾವನಪ್ಪಾ ಕೊಳ್ತಾನೆ? ನಾನು ಬಂದೂಕ ಒರೆಸ್ತಾವ್ನಿ ಅಂತ ಗೇಟಿನತಾವ ನಿಂತೋನಿಗೆ ಗೊತ್ತಾಗ್ಬೇಕು. ಗೊತ್ತಾಗ್ದಿದ್ರೆ ನಾನ್ಯಾಕೆ ಒರೆಸ್ಲಿ, ನಂಗೇನು ಬೇರೆ ಕೆಲಸ ಇಲ್ವಾ?"

ಅದುವರೆಗೂ ನಾನು ಅವರ ಬಂದೂಕಿಗೆ ಎಣ್ಣೆ ಹುಡುಕುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಹುಡುಕುತ್ತಿದ್ದುದು ಗೇಟಿನಲ್ಲಿ ನಿಂತವನ ಮೂಗಿಗೆ. ನನ್ನ ವ್ಯಾಪಾರದ ಜನ್ಮದಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಪೇಟೆಯ ಹಳೆಯ ಬಂದೂಕಿನ ಅಂಗಡಿಗೆ ಹೋಗಿ, ಇರುವುದರಲ್ಲೆಲ್ಲ ಗಾಟು ಜಾಸ್ತಿ ಇರುವ ತೊಳೆಯುವ ದ್ರಾವಣ ಕೊಡಿ ಎಂದು ಕೇಳಿದೆ. ಅಂಗಡಿಯವರು ಕನ್ನಡಕ ತೆಗೆದು ನನ್ನನ್ನು ನೋಡಿ, ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಮುಚ್ಚಳ ತೆಗೆದರೆ ಸೀಮೆಎಣ್ಣೆಯಲ್ಲಿ ಮಾಗಿದ ಬಾಳೆಹಣ್ಣು ಕಿವುಚಿದ ಹಾಗೆ. ಓನರಮ್ಮ ಮೂಸಿ, ಕಣ್ಣು ಮುಚ್ಚಿ, "ಊಂ. ಇದು ಎಣ್ಣೆ" ಎಂದರು. ತೊಳೆಯುವುದಕ್ಕೆ ಅದು, ತೊಳೆದ ಮೇಲೆ ಸವರುವುದಕ್ಕೆ ನನ್ನ ವಾಸನೆಯಿಲ್ಲದ್ದು ಎಂದು ರಾಜಿಯಾಯಿತು. ಠಾಣೆಯಲ್ಲಿ ಈ ಸಲ ಪೇದೆ ಬೆರಳು ತಾಗಿಸುತ್ತಿದ್ದಂತೆ ಬಂದೂಕು ಮಡಚಿತು. ಲೈಸೆನ್ಸ್ ನವೀಕರಣವಾಯಿತು.

ಅಲ್ಲಿಂದ ಮುಂದೆ ಮೈದುನ ಯಾವ ಬ್ರೋಕರನ್ನು ಕರೆದುಕೊಂಡು ಬಂದರೂ ಓನರಮ್ಮ ಬಾಗಿಲಿಗೆ ಬಂದು ಮಾತಾಡುವವರಲ್ಲ. ಒಳಗೆ ಹೋಗಿ ಗೋಣಿತಾಟು, ಹಿತ್ತಾಳೆ ಬ್ರಷ್ಷಿನ ಕಡ್ಡಿ, ಹಳೆ ಪಂಚೆಯ ಚೂರುಗಳು, ಡಬ್ಬಿ, ಕೊನೆಗೆ ಬಂದೂಕು ತಂದು ಜಗಲಿಯಲ್ಲಿ ಹರಡಿಕೊಂಡು ಕೂರುವುದು. ತೋಟಾಗಳು ಬೀರುವಿನಲ್ಲಿ, ಬೀರುವಿನ ಕೀಲಿ ಸೊಂಟದಲ್ಲಿ. ಬಂದೂಕಿನ ಬಾಯಿ ಯಾವತ್ತೂ ಗೋಡೆಯ ಕಡೆಗೇ ಇರುತ್ತಿತ್ತು, ಮನುಷ್ಯರ ಕಡೆ ತಿರುಗಿದ್ದನ್ನು ನಾನು ಕಂಡಿಲ್ಲ. ಅದನ್ನು ಎರಡಾಗಿ ಮಡಚಿ, ನಳಿಗೆಯೊಳಗೆ ಕಡ್ಡಿ ಹಾಕಿ ನಿಧಾನವಾಗಿ ಎಳೆಯುತ್ತ, ಬಂದವರನ್ನು ಬಹಳ ಮರ್ಯಾದೆಯಿಂದ ವಿಚಾರಿಸುತ್ತಿದ್ದರು. ಏಕವಚನದ ಓನರಮ್ಮ ಬಹುವಚನಕ್ಕೆ ಹತ್ತುತ್ತಿದ್ದುದು ಅವಾಗ ಮಾತ್ರ.

"ಬನ್ನಿ ಸಾರ್, ಕೂತ್ಕಳಿ. ಕಾಫಿ ಕುಡೀತೀರಾ?"

"ಇಲ್ಲಮ್ಮಾ, ಜಾಗದ ವಿಷಯ ಮಾತಾಡೋಣ ಅಂತ."

"ಮಾತಾಡಿ. ನಾನು ಒರೆಸ್ತಾ ಇರ್ತೀನಿ, ಅಷ್ಟೇ."

ಬ್ರೋಕರ್ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದ. ಮಾತು ಬೇಗ ಮುಗಿಯುತ್ತಿತ್ತು. ಗುಂಡೇ ಹಾರಿಸದ ಬಂದೂಕನ್ನು ಇಷ್ಟು ಸಲ ಯಾಕೆ ತೊಳೆಯುತ್ತೀರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ದೇವ್ರು ಉಂಡವ್ನಾ ಯಾವತ್ತಾದ್ರೂ? ದಿನಾ ಎಡೆ ಇಡಾಕಿಲ್ವಾ?" ಎಂದರು.

ಈ ವಾಸನೆಗೆ ಮೊದಲು ತಕರಾರು ತೆಗೆದವಳು ನನ್ನ ಪಕ್ಕದ ಮನೆಯ ನೀಲಮ್ಮ. ಸುರಪುರದ ಕಡೆಯಿಂದ ಗಂಡನ ಜೊತೆ ಬಂದು ಕಟ್ಟಡದ ಕೆಲಸ ಮಾಡುವವಳು. ಒಂದು ಭಾನುವಾರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಲಿಗೇ ಬಂದಳು.

"ಅಮ್ಮಾರ, ಈ ವಾಸ್ನಿಗಿ ತಲಿ ಒಡೀಲಿಕತ್ತದ ನೋಡ್ರಿ. ರೊಟ್ಟಿ ಬಡಿಯಾಕ ಆಗವಲ್ದು."

ಓನರಮ್ಮ ತಲೆ ಎತ್ತಲಿಲ್ಲ. "ಈ ವಾಸ್ನೆ ಬಂತು ಅಂದ್ರೆ ನಿನ್ ಮನೆ ಕೆಡವಾಕೆ ಯಾರೋ ಬಂದವ್ರೆ ಅಂತ ತಿಳ್ಕೋ. ತಲೆ ಒಡೀತಾ ಒಳಗೆ ಕೂರ್ಬೇಡ. ರೊಟ್ಟಿ ಇಟ್ಟಿನ ತಟ್ಟೆ ಎತ್ಕೊಂಡು ಇಲ್ಲಿಗೇ ಬಾ."

ನೀಲಮ್ಮ ಒಳಗೆ ಹೋಗಿ ಹಿಟ್ಟಿನ ಪರಾತ ತಂದು ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಹಿಟ್ಟು ನಾದತೊಡಗಿದಳು. ಮುಂದಿನ ಸಲ ವಾಸನೆ ಬಂದಾಗ ಇನ್ನೂ ಇಬ್ಬರು ಹೆಂಗಸರು ಸೊಪ್ಪು ಬಿಡಿಸಲು ಅಲ್ಲಿಗೇ ಬಂದರು. ಗಂಡಸರು ಗಡ್ಡ ಹೆರೆಯಲು ಕನ್ನಡಿಯನ್ನು ಜಗಲಿಯ ಕಂಬಕ್ಕೆ ಸಿಕ್ಕಿಸಿದರು. ಯಾರೂ ಯಾರಿಗೂ ಏನೂ ಹೇಳಿಕೊಂಡದ್ದಿಲ್ಲ. ವಾಸನೆ ಬರುವುದು, ಚಿಲಕಗಳು ತೆರೆಯುವುದು, ಅವರವರ ಕೆಲಸ ಜಗಲಿಗೆ ಬರುವುದು, ಇದು ನಮ್ಮ ವಠಾರದ ಪದ್ಧತಿಯೇ ಆಗಿಹೋಯಿತು.

ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರೆಲ್ಲ ಬಂದೂಕನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಎಣಿಕೆ ಮುಗಿದ ಮೇಲೆ ವಾಪಸ್ಸು. ಇದು ಮೈದುನನಿಗೂ ಗೊತ್ತಿತ್ತು. ಓನರಮ್ಮ ಬಂದೂಕಿಗೆ ದಪ್ಪಗೆ ಎಣ್ಣೆ ಸವರಿ, ಹಳೆ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ಒಯ್ದು ಕೊಟ್ಟು ಬಂದದ್ದನ್ನು ಬೀದಿಯೆಲ್ಲ ನೋಡಿತ್ತು. ಅದಾದ ಮೊದಲ ಭಾನುವಾರವೇ ಗೇಟಿನ ಮುಂದೆ ಜೆಸಿಬಿ ಬಂದು ನಿಂತಿತು. ಹಿಂದಿನ ಕಾರಿನಿಂದ ಮೈದುನ ಇಳಿದ. ಮುಂದಿನ ಕಾಂಪೌಂಡು ತನ್ನ ಗೋಡೌನಿನ ದಾರಿಗೆ ಒತ್ತರಿಸಿದೆ, ಅದನ್ನು ಮೊದಲು ತೆಗೆಸುತ್ತೇನೆ, ಮಿಕ್ಕಿದ್ದು ಆಮೇಲೆ ನೋಡೋಣ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ.

ನಾನು ಠಾಣೆಗೆ ಫೋನ್ ಮಾಡಿದೆ, ಯಾರೋ ಎತ್ತಿ ಬರುತ್ತೇವೆ ಎಂದರು. ಅಷ್ಟರಲ್ಲಿ ಓನರಮ್ಮ ಒಳಗಿನಿಂದ ಗೋಣಿತಾಟು ತಂದು ಹಾಸಿದರು. ಬಟ್ಟೆ ತಂದರು, ಕಡ್ಡಿ ತಂದರು, ಡಬ್ಬಿ ತಂದರು. ಮುಚ್ಚಳ ತೆಗೆದು, ಯಾವತ್ತಿಗಿಂತ ಧಾರಾಳವಾಗಿ ಬಟ್ಟೆಗೆ ಸುರಿದು, ಕಾಲು ಮಡಚಿ ಕೂತು ಕಡ್ಡಿಯನ್ನು ಒರೆಸತೊಡಗಿದರು.

ಮೈದುನ ನಕ್ಕ. "ಅತ್ತಿಗೆ, ಬಂದೂಕ ಠಾಣೇಲಿ ಐತೆ."

"ಗೊತ್ತು ಕಣಪ್ಪ. ನಾನೇ ಕೊಟ್ಟು ಬಂದಿವ್ನಿ."

"ಮತ್ತೆ ಏನ್ ಒರೆಸ್ತಿದೀರಾ?"

"ಕಡ್ಡಿ. ಅದಕ್ಕೇನು ಲೈಸೆನ್ಸ್ ಬೇಕಾ?"

ಅವನು ಜೆಸಿಬಿಯವನಿಗೆ ಕೈಸನ್ನೆ ಮಾಡಿದ. ಯಂತ್ರ ಗುಡುಗುತ್ತ ಮುಂದೆ ಬಂತು. ಆ ಸದ್ದಿನಲ್ಲಿ ಚಿಲಕದ ಸದ್ದು ಕೇಳಲಿಲ್ಲ, ಆದರೆ ನನ್ನ ಪಕ್ಕದಿಂದ ನೀಲಮ್ಮ ಪರಾತ ಹಿಡಿದು ಹೋದದ್ದನ್ನು ಕಂಡೆ. ಅವಳು ಇವತ್ತು ಜಗಲಿಯಲ್ಲಿ ಕೂರಲಿಲ್ಲ. ಕಾಂಪೌಂಡಿನ ಬುಡಕ್ಕೆ, ಯಂತ್ರದ ಹಲ್ಲಿನ ಎದುರಿಗೆ ಕೂತು ಹಿಟ್ಟಿಗೆ ನೀರು ಹಾಕಿದಳು. ಸೊಪ್ಪಿನವರು ಬಂದರು. ಅರ್ಧ ಗಡ್ಡದಲ್ಲಿ ನೊರೆ ಮೆತ್ತಿಕೊಂಡವರು ಬಂದರು. ನಾನೂ ಹೋಗಿ ಕೂತೆ, ಕೈಯಲ್ಲಿ ಏನೂ ಕೆಲಸವಿರಲಿಲ್ಲ, ಸೊಪ್ಪು ಬಿಡಿಸಿದೆ.

ಜೆಸಿಬಿ ಓಡಿಸುತ್ತಿದ್ದವನು ಮೇಲಿನಿಂದ ಬಗ್ಗಿ ನೋಡಿದ. "ಅಕ್ಕಾರ, ಸ್ವಲ್ಪ ಸರೀರಿ" ಎಂದ. ನೀಲಮ್ಮ ಅವನ ಮಾತಿನ ಧಾಟಿ ಕೇಳಿ ಕತ್ತೆತ್ತಿದಳು.

"ಯಾವೂರಪಾ ನಿಂದು?"

"ಶಹಾಪುರ ರೀ."

"ನಮ್ಮ ಕಡಿಂದ ಇಲ್ಲೀ ತನಕ ನನ್ನ ಮನಿ ಕೆಡವಾಕ ಬಂದಿಯೇನು?"

ಅವನು ಎಂಜಿನ್ ಆರಿಸಿದ. ಇಳಿದು ಬಂದು ಮೈದುನನಿಗೆ, "ಖಾಲಿ ಜಾಗಾ ಅಂತ ಹೇಳಿದ್ರಿ ಸಾವ್ಕಾರ್ರ. ಮಂದಿ ಅದಾರ. ನನ್ನಿಂದ ಆಗಂಗಿಲ್ರಿ" ಎಂದ. ನೀಲಮ್ಮನ ಚೊಂಬು ಇಸಿದುಕೊಂಡು ನೀರು ಕುಡಿದು, ಯಂತ್ರವನ್ನು ಹಿಂದಕ್ಕೆ ತೆಗೆದುಕೊಂಡು ಹೊರಟುಹೋದ. ಪೊಲೀಸರು ಬಂದಾಗ ನಾವೆಲ್ಲ ರೊಟ್ಟಿ ತಿನ್ನುತ್ತಿದ್ದೆವು. ಓನರಮ್ಮ ಅವತ್ತು ಯಾರನ್ನೂ ಹೊಗಳಲಿಲ್ಲ. ಸಂಜೆ ಮೋಟರನ್ನು ಮಾತ್ರ ಟ್ಯಾಂಕು ತುಂಬಿ ಹರಿಯುವವರೆಗೂ ಬಿಟ್ಟಿದ್ದರು. ನಾನು ಹೋಗಿ ಆರಿಸಲು ನೋಡಿದರೆ, "ಇರ್ಲಿ ಬುಡು" ಎಂದರು.

ಈ ವರ್ಷ ಅವರಿಗೆ ಎದೆನೋವು ಬಂತು. ಆಸ್ಪತ್ರೆಯ ಮಂಚದ ಮೇಲೂ ಸವಿತಾಳಿಗೆ ಹೇಳಿದ್ದು ಅವರೆಗೆ ನೀರು ಬಿಡುವ ವಿಷಯ. ಅವರಿಲ್ಲದ ವಠಾರದಲ್ಲಿ ನನಗೆ ಬೆಳಗ್ಗೆ ಏಳಲು ಮನಸ್ಸು ಬರುತ್ತಿಲ್ಲ. ನಲ್ಲಿಯಲ್ಲಿ ನೀರು ನಿಲ್ಲದೆ ಬರುತ್ತದೆ, ಅದನ್ನು ನೋಡಿದರೇ ಸಂಕಟವಾಗುತ್ತದೆ.

ತಿಥಿ ಮುಗಿದ ಮಾರನೆಯ ಬೆಳಗ್ಗೆ ಮೈದುನ ಬಂದ. ಬ್ರೋಕರು, ಅವನ ಜೊತೆಗೆ ಇನ್ನಿಬ್ಬರು. ಸವಿತಾ ಜಗಲಿಯಲ್ಲಿ ಕೂತಿದ್ದಳು, ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅವನು ದನಿ ತಗ್ಗಿಸಿ, ಒಳ್ಳೆಯ ಮಾತಿನಲ್ಲೇ ಶುರುಮಾಡಿದ.

"ನೋಡು ಮಗಾ. ಅಮ್ಮನೂ ಓದ್ರು, ಬಂದೂಕನೂ ಓಯ್ತು. ಇನ್ನು ಈ ಹಠ ಯಾರಿಗೋಸ್ಕರ?"

ಸವಿತಾ ಎದ್ದು ಒಳಗೆ ಹೋದಳು. ಅತ್ತುಕೊಂಡು ಹೋದಳೇನೋ ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಹೊರಗೆ ಬಂದಾಗ ಅವಳ ಕೈಯಲ್ಲಿ ತಗಡಿನ ಡಬ್ಬಿಯಿತ್ತು, ಹೆಗಲ ಮೇಲೆ ಹಳೆ ಪಂಚೆಯ ಚೂರು. ಮುಚ್ಚಳ ತಿರುವಿ, ಬಟ್ಟೆಯನ್ನು ತೊಯ್ಯಿಸಿ, ಮಂಡಿಯೂರಿ, ಅವಳ ಅಮ್ಮ ಕೂರುತ್ತಿದ್ದ ಕಲ್ಲಿನ ಮೇಲೆ ಉಜ್ಜತೊಡಗಿದಳು.

"ಏನ್ ಮಾಡ್ತಿದೀಯಾ?" ಎಂದ ಮೈದುನ.

"ಜಗಲಿ ಒರೆಸ್ತಾ ಇದೀನಿ ಚಿಕ್ಕಪ್ಪ. ಕೂತ್ಕೊಳ್ಳಿ, ಕಾಫಿ ಕುಡೀತೀರಾ?"

ಅವನು ಕೂರಲಿಲ್ಲ. ಬಾಳೆಹಣ್ಣಿನ ಗಾಟು ಮನೆಯ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಸಾಗಿತು. ಮೊದಲು ನೀಲಮ್ಮನ ಮನೆಯ ಚಿಲಕ ತೆರೆದ ಸದ್ದು ಕೇಳಿತು, ಅದರ ಹಿಂದೆಯೇ ಇನ್ನೊಂದು.